ಗೋಡೆ ಹಿಂದೆ ಸರಿದದ್ದು: ಎರಡು ಸಬ್‌ವೂಫರ್‌ಗಳ ಜೊತೆ ನನ್ನ ಅನುಭವ

ಒಬ್ಬಳೇ ಹಾಡುಗಾರ್ತಿ. ಪಕ್ಕವಾದ್ಯ ಯಾವುದೂ ಇಲ್ಲ. ದೊಡ್ಡ ಹಾಲ್ ಒಂದರಲ್ಲಿ ರೆಕಾರ್ಡ್ ಮಾಡಿದ ಹಾಡು. ಅವಳ ದನಿ 200 ಹರ್ಟ್ಜ್‌ಗಿಂತ (ಸೆಕೆಂಡಿಗೆ 200 ಕಂಪನ) ಕೆಳಗೆ ಇಳಿಯುವುದೇ ಇಲ್ಲ. ನನ್ನ ಸಬ್‌ವೂಫರ್, ಅಂದರೆ ಬೇಸ್ ಎನ್ನುವ ಆಳದ ಸ್ವರಗಳಿಗೆಂದೇ ಇರುವ ಸ್ಪೀಕರ್, ಕೆಲಸ ಮಾಡುವುದು 60 ಹರ್ಟ್ಜ್‌ನಿಂದ ಕೆಳಗೆ. ಹಾಗಾಗಿ ಈ ಹಾಡಿಗೂ ಅದಕ್ಕೂ ಸಂಬಂಧವೇ ಇರಬಾರದು, ಅಲ್ವಾ? ಹಾಡು ನಡೆಯುತ್ತಿದ್ದ ಹಾಗೇ ಎದ್ದು ಹೋಗಿ ಸಬ್‌ವೂಫರ್ ಆಫ್ ಮಾಡಿದೆ. ದನಿ ಒಂಚೂರೂ ಬದಲಾಗಲಿಲ್ಲ. ಆದರೆ ಆ ದನಿಯ ಸುತ್ತ ಇದ್ದ ಜಾಗ ಹೋಗಿಬಿಟ್ಟಿತು. ಸ್ಪೀಕರ್‌ಗಳ ಹಿಂದಿನ ಗೋಡೆ ತನ್ನ ಜಾಗಕ್ಕೆ ವಾಪಸ್ ಬಂದು ನಿಂತ ಹಾಗಾಯಿತು. ಮತ್ತೆ ಆನ್ ಮಾಡಿದೆ. ಗೋಡೆ ಸರಿಯಿತು.

ಅವತ್ತಿನವರೆಗೆ ನಾನು ಸಬ್‌ವೂಫರ್ ಅಂದರೆ ಡ್ರಮ್ಮಿಗೆ, ಸಿನಿಮಾದ ಸ್ಫೋಟಕ್ಕೆ ಅಂತಲೇ ತಿಳಿದಿದ್ದೆ. ಬೇಸ್ ಕೇಳಿಸುವುದಕ್ಕೆ ಇರುವ ಪೆಟ್ಟಿಗೆ ಅದು ಎಂಬ ನಂಬಿಕೆ. ಅದು ಜಾಗವನ್ನೂ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಂಬಿಕೆಯ ಮೇಲೆ ಬಿಡಬಾರದು ಅಂತ ಅಕ್ಕನನ್ನು ಕರೆದು ಕೂರಿಸಿದೆ. ಅವಳಿಗೆ ಬೆನ್ನು ಮಾಡಿ ನಾನು ಸ್ವಿಚ್ ಹಾಕುವುದು, ತೆಗೆಯುವುದು. ಏನು ಬದಲಾಗುತ್ತಿದೆ ಎಂದು ನಾನು ಹೇಳಲಿಲ್ಲ. ಮೂರನೇ ಸಲಕ್ಕೆ ಅವಳೇ, "ಈಗ ಕೋಣೆ ದೊಡ್ಡದಾಯ್ತು ಕಣೋ, ಏನ್ ಮಾಡಿದೆ?" ಅಂದಳು. ಬೇಸ್ ಜಾಸ್ತಿ ಆಯ್ತು ಅನ್ನಲಿಲ್ಲ. ಕೋಣೆ ದೊಡ್ಡದಾಯ್ತು ಅಂದಳು. ಆ ಮಾತು ನನ್ನನ್ನು ಎರಡು ವರ್ಷ ಈ ಕೆಲಸಕ್ಕೆ ಹಚ್ಚಿತು.

ಮೊದಲು ಅರ್ಥ ಮಾಡಿಕೊಳ್ಳಬೇಕಾಗಿದ್ದು, ಆ ಹಾಡಿನಲ್ಲಿ 60 ಹರ್ಟ್ಜ್‌ಗಿಂತ ಕೆಳಗೆ ಇರುವುದಾದರೂ ಏನು ಅಂತ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶ ತೆರೆದು, ಮೇಲಿನದೆಲ್ಲ ತೆಗೆದುಹಾಕಿ, ಉಳಿದದ್ದನ್ನು ಜೋರು ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿದೆ. ಹಾಡು ಇರಲಿಲ್ಲ. ಒಂದು ಮಂದ ಉಸಿರು ಇತ್ತು. ಗಾಳಿ ಆಡಿಸುವ ಯಂತ್ರದ ಗುಂಯ್, ಮರದ ನೆಲದ ಮೇಲೆ ಯಾರೋ ತೂಕ ಬದಲಿಸಿದ ಸದ್ದು, ದೂರದ ರಸ್ತೆಯ ಮೊರೆತ. ಎಲ್ಲವೂ ಆ ಹಾಲ್‌ನ ಗೋಡೆಗಳ ನಡುವೆ ಸುತ್ತಾಡಿ ಮೈಕಿಗೆ ಬಂದದ್ದು. ನಿಜವಾದ ಹಾಲ್‌ಗೆ ಕಾಲಿಟ್ಟಾಗ, ಕಣ್ಣು ಮುಚ್ಚಿದ್ದರೂ, ಯಾರೂ ಮಾತಾಡದಿದ್ದರೂ, ಇದು ದೊಡ್ಡ ಜಾಗ ಎಂದು ಗೊತ್ತಾಗುತ್ತದಲ್ಲ, ಅದಕ್ಕೆ ಈ ಉಸಿರೂ ಒಂದು ಕಾರಣ. ನನ್ನ ಸಣ್ಣ ಸ್ಪೀಕರ್‌ಗಳು 55 ಹರ್ಟ್ಜ್ ಹತ್ತಿರ ಕೈ ಬಿಡುತ್ತವೆ. ಹಾಗಾಗಿ ಅದು ನನ್ನ ಕೋಣೆಗೆ ಬಂದೇ ಇರಲಿಲ್ಲ.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯ. ಸ್ಟೀರಿಯೊ ರೆಕಾರ್ಡಿಂಗ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಚಾನೆಲ್ ಇರುತ್ತದೆ. ಒಂದು ಚಾನೆಲ್ ತಲೆಕೆಳಗು ಮಾಡಿ ಇನ್ನೊಂದಕ್ಕೆ ಸೇರಿಸಿದರೆ ಎರಡರಲ್ಲೂ ಒಂದೇ ಇರುವುದೆಲ್ಲ ಅಳಿಸಿಹೋಗುತ್ತದೆ. ಉಳಿಯುವುದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ. ಇದನ್ನು 80 ಹರ್ಟ್ಜ್‌ಗಿಂತ ಕೆಳಗೆ ಮಾಡಿ ನೋಡಿದೆ. ಸ್ಟುಡಿಯೋದಲ್ಲಿ ಮಾಡಿದ ಬಹುತೇಕ ಹಾಡುಗಳಲ್ಲಿ ಏನೂ ಉಳಿಯಲಿಲ್ಲ. ಅಲ್ಲಿ ಬೇಸ್ ಗಿಟಾರನ್ನೂ ಕಿಕ್ ಡ್ರಮ್ಮನ್ನೂ ನಟ್ಟನಡುವೆ ಇಡುತ್ತಾರೆ. ಎಲ್‌ಪಿ ರೆಕಾರ್ಡಿಗೆ ಹೋಗುವಾಗಲೂ ಕೆಳ ಸ್ವರಗಳನ್ನು ಮೋನೊ ಮಾಡುವ, ಅಂದರೆ ಎಡಬಲ ಎರಡರಲ್ಲೂ ಒಂದೇ ಮಾಡುವ, ರೂಢಿ ಇದೆ. ಯಾಕೆಂದರೆ ಎಡಬಲದ ವ್ಯತ್ಯಾಸ ಅಲ್ಲಿ ಸೂಜಿಯನ್ನು ಮೇಲೆ ಕೆಳಗೆ ಕುಣಿಸುತ್ತದೆ, ಬೇಸ್ ಜೋರಿದ್ದರೆ ಸೂಜಿ ಜಾಡು ಬಿಟ್ಟು ಎಗರಬಹುದು. ಆದರೆ ಹಾಲ್‌ನಲ್ಲಿ ಎರಡು ಮೈಕುಗಳನ್ನು ದೂರ ದೂರ ಇಟ್ಟು ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಬೇಕಾದಷ್ಟು ಉಳಿಯಿತು. ನನ್ನ ಹಾಡುಗಾರ್ತಿಯದ್ದೂ ಅಂಥದ್ದೇ.

ಹರವು, ಅಂದರೆ ದನಿಯ ಸುತ್ತ ಜಾಗ ಇದೆ ಅನ್ನಿಸುವುದು, ಇರುವುದು ಆ ವ್ಯತ್ಯಾಸದಲ್ಲಿ. ಬೇಸ್ ಎಷ್ಟಿದೆ ಎಂಬುದರ ಜೊತೆಗೆ, ಎಡಗಿವಿಯದ್ದೂ ಬಲಗಿವಿಯದ್ದೂ ಎಷ್ಟು ಬೇರೆ ಇದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಹಾಲ್ ತಗೊಳ್ಳಿ. ಅಗಲ 30 ಮೀಟರ್ ಇದ್ದರೆ, 40 ಹರ್ಟ್ಜ್‌ನ 8.6 ಮೀಟರ್ ಉದ್ದದ ಅಲೆ ಅಲ್ಲಿ ಹತ್ತಾರು ದಿಕ್ಕಿನಿಂದ ಬರುತ್ತದೆ. ಪಕ್ಕದಿಂದ ಬಂದ ಅಲೆ ಒಂದು ಕಿವಿಗೆ ಇನ್ನೊಂದಕ್ಕಿಂತ ಚೂರು ಮೊದಲು ತಲುಪುತ್ತದೆ. ತುಂಬಾ ಸಣ್ಣ ಅಂತರ, ಒಂದು ಮಿಲಿಸೆಕೆಂಡ್ ಕೂಡ ಇಲ್ಲ. ಆದರೆ ಆ ಅಂತರ ಕ್ಷಣಕ್ಷಣಕ್ಕೂ ಅಲುಗಾಡುತ್ತಾ ಇರುತ್ತದೆ. ಆ ಅಲುಗಾಟವನ್ನೇ ಮಿದುಳು 'ನನ್ನ ಸುತ್ತ ಜಾಗ ಇದೆ' ಎಂದು ಓದಿಕೊಳ್ಳುತ್ತದೆ. ಡೇವಿಡ್ ಗ್ರೀಸಿಂಗರ್ ಈ ವಿಷಯದಲ್ಲಿ ತುಂಬಾ ಕೆಲಸ ಮಾಡಿದವರು. ರೆಕಾರ್ಡಿಂಗ್‌ಗೆ ಹಾಲ್‌ನ ಮೊಳಗು ಸೇರಿಸುವ ಲೆಕ್ಸಿಕಾನ್ 224 ರಿವರ್ಬ್ ಯಂತ್ರದ ಹಿಂದೆ ಇದ್ದವರೂ ಅವರೇ. ಕೇಳುಗನ ಎಡಕ್ಕೊಂದು ಬಲಕ್ಕೊಂದು ಸಬ್‌ವೂಫರ್ ಇಟ್ಟು, ಎರಡಕ್ಕೂ ಬೇರೆ ಬೇರೆ ಸಿಗ್ನಲ್ ಕೊಡಿ ಎನ್ನುವುದು ಅವರ ಸಲಹೆ. ಹಾಗೆ ನೋಡಿದರೆ ವಿಚಾರ ಹಳೆಯದು. ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದಾಗಲೇ, ಎಡಬಲದ ವ್ಯತ್ಯಾಸವನ್ನು ಕೆಳ ಸ್ವರಗಳಲ್ಲಿ ಎತ್ತಿ ಕೊಡುವ ಉಪಾಯ ಅದರಲ್ಲಿತ್ತು.

ಈಗ ನನ್ನ ಕೋಣೆಗೆ ಬರೋಣ. ಅಗಲ 3.6 ಮೀಟರ್, ಉದ್ದ 5.2, ಎತ್ತರ 3. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತರೆ ಆ ಸ್ವರ ಅಲ್ಲೇ ನಿಂತು ಮೊಳಗುತ್ತದೆ. ಇದಕ್ಕೆ ರೂಂ ಮೋಡ್ ಅನ್ನುತ್ತಾರೆ. ಲೆಕ್ಕ ಸುಲಭ: ಶಬ್ದ ಸೆಕೆಂಡಿಗೆ ಓಡುವ ಮೀಟರ್, ಅಂದರೆ 343ನ್ನು, ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರಾಯಿತು. ನನಗೆ ಉದ್ದಕ್ಕೆ 33 ಹರ್ಟ್ಜ್, ಅಗಲಕ್ಕೆ 48, ಎತ್ತರಕ್ಕೆ 57 ಬಂತು.

ಮೊದಲ ಸಬ್‌ವೂಫರನ್ನು ನಾನು ಮೂಲೆಗೆ ತಳ್ಳಿದ್ದೆ. ಮೂಲೆಯಲ್ಲಿಟ್ಟರೆ ಈ ಮೂರೂ ಮೋಡ್‌ಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ನಾನು ಕೂರುತ್ತಿದ್ದದ್ದು ಹಿಂದಿನ ಗೋಡೆಗೆ ಒರಗಿ, ಅಂದರೆ 33 ಹರ್ಟ್ಜ್ ಅತಿ ಜೋರಾಗಿರುವ ಕಡೆ. ಕೆಲವು ಸ್ವರಗಳಿಗೆ ಕಿಟಕಿ ನಡುಗುತ್ತಿತ್ತು, ಕೆಲವು ಇಲ್ಲವೇ ಇಲ್ಲ. ತಿಂಗಳುಗಟ್ಟಲೆ ಅದನ್ನು ಸುಮ್ನೆ ಆಫ್ ಮಾಡಿ ಇಟ್ಟಿದ್ದೆ. ಕುರ್ಚಿಯನ್ನು ಹಿಂದಿನ ಗೋಡೆಯಿಂದ 1.7 ಮೀಟರ್ ಮುಂದೆ ತಂದದ್ದೇ ದೊಡ್ಡ ಬದಲಾವಣೆ. ಅದಕ್ಕೆ ಏನೂ ಖರ್ಚಿಲ್ಲ. ಸಬ್‌ವೂಫರ್ ಕೊಳ್ಳುವ ಮೊದಲು ಕುರ್ಚಿ ಸರಿಸಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಎರಡನೇ ಸಬ್‌ವೂಫರ್ ಬಂತು, ಮೊದಲಿನದ್ದೇ ಮಾದರಿ. ಒಂದು ಎಡಗೋಡೆಗೆ, ಒಂದು ಬಲಗೋಡೆಗೆ, ಕುರ್ಚಿಗಿಂತ ಚೂರು ಮುಂದೆ. ಇಲ್ಲಿ ಒಂದು ಸಂದಿಗ್ಧ ಇದೆ, ಇದನ್ನು ಬಿಡಿಸಿಕೊಳ್ಳಲು ನನಗೆ ತುಂಬಾ ದಿನ ಹಿಡಿಯಿತು. ಎದುರುಬದುರು ಗೋಡೆಗಳ ಎರಡು ಸಬ್‌ವೂಫರ್‌ಗೂ ಒಂದೇ ಮೋನೊ ಸಿಗ್ನಲ್ ಕೊಟ್ಟರೆ ಅಗಲದ 48 ಹರ್ಟ್ಜ್ ಮೋಡ್ ಏಳುವುದೇ ಇಲ್ಲ. ಒಂದು ತಳ್ಳಿದ್ದನ್ನು ಇನ್ನೊಂದು ಅಳಿಸುತ್ತದೆ. ಎಲ್ಲ ಕುರ್ಚಿಗಳಲ್ಲೂ ಬೇಸ್ ಒಂದೇ ಸಮ ಕೇಳಬೇಕು ಅನ್ನುವವರಿಗೆ ಇದು ವರದಾನ. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್‌ವೂಫರ್ ಸಾಕು ಎಂಬ ಪ್ರಶ್ನೆ ಹಿಡಿದು ಬರೆದ ಪ್ರಬಂಧದಲ್ಲೂ ಎದುರುಬದುರು ಗೋಡೆಗಳ ನಡುಭಾಗ ಒಳ್ಳೆಯ ಜಾಗ ಎಂದೇ ಬಂತು.

ಆದರೆ ಹರವಿಗೆ ಬೇಕಾಗಿರುವುದು ಅದೇ ಮೋಡ್! ಅಗಲದ ಮೊದಲ ಮೋಡ್‌ನಲ್ಲಿ ಎಡಗೋಡೆಯ ಹತ್ತಿರ ಗಾಳಿಯ ಒತ್ತಡ ಏರಿದಾಗ ಬಲಗೋಡೆಯ ಹತ್ತಿರ ಇಳಿದಿರುತ್ತದೆ. ನಟ್ಟನಡುವೆ ಒತ್ತಡ ಸೊನ್ನೆ, ಆದರೆ ಗಾಳಿ ಅಡ್ಡಡ್ಡ ಓಡಾಡುವುದು ಅಲ್ಲೇ ಅತಿ ಜಾಸ್ತಿ. ತಲೆ ಇರುವುದು ಅಲ್ಲೇ. ಎಡಬಲ ಕಿವಿಗಳಿಗೆ ಬೇರೆ ಬೇರೆ ಬೇಸ್ ಮುಟ್ಟಿಸಲು ಸಣ್ಣ ಕೋಣೆಯಲ್ಲಿ ಇರುವ ದೊಡ್ಡ ದಾರಿ ಇದು. ರೆಕಾರ್ಡಿಂಗ್‌ನ ಎಡಬಲದ ವ್ಯತ್ಯಾಸ ಈ ಮೋಡನ್ನು ಎಬ್ಬಿಸಬೇಕು. ಹಾಗೆ ಎಬ್ಬಿಸಬೇಕಾದರೆ ಎಡ ಸಬ್‌ವೂಫರ್‌ಗೆ ಎಡ ಚಾನೆಲ್, ಬಲದ್ದಕ್ಕೆ ಬಲ ಚಾನೆಲ್ ಹೋಗಬೇಕು. ಮೋನೊ ಕೊಟ್ಟರೆ ಸಮ ಸಿಗುತ್ತದೆ, ಹರವು ಹೋಗುತ್ತದೆ. ಒಬ್ಬನೇ ನಡುವೆ ಕೂತು ಕೇಳುವ ನನಗೆ ಹರವು ಬೇಕಿತ್ತು.

ವೈರಿಂಗ್ ಬಗ್ಗೆ ಒಂದು ಮಾತು. ಹೋಮ್ ಥಿಯೇಟರ್ ರಿಸೀವರ್‌ಗಳ ಹಿಂದೆ ಎರಡು ಸಬ್ ಔಟ್‌ಪುಟ್ ಇದ್ದರೂ ಸಾಮಾನ್ಯವಾಗಿ ಎರಡರಲ್ಲೂ ಬರುವುದು ಒಂದೇ ಮೋನೊ ಸಿಗ್ನಲ್. ನಾನು ಸ್ಟೀರಿಯೊ ಆಂಪ್ಲಿಫೈಯರ್‌ನ ಪ್ರಿ-ಔಟ್‌ನಿಂದ (ಬೇರೆ ಆಂಪ್‌ಗೆ ಸಿಗ್ನಲ್ ಕೊಡುವ ಕಿಂಡಿ) ಎರಡು ಕೇಬಲ್ ಬೇರೆ ಬೇರೆ ಎಳೆದೆ. ಪ್ರಿ-ಔಟ್ ಇಲ್ಲದಿದ್ದರೆ ಸ್ಪೀಕರ್ ವೈರಿನಿಂದಲೇ ಸಬ್‌ವೂಫರ್‌ನ ಹೈ-ಲೆವೆಲ್ ಇನ್‌ಪುಟ್‌ಗೆ ಕೊಡಬಹುದು. ಕೆಲವು ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಆಗಿರುವುದಿಲ್ಲ, ಅಂಥ ಕಡೆ ಕೈಪಿಡಿ ನೋಡದೆ ಜೋಡಿಸಬೇಡಿ.

ಹೊಂದಿಸುವುದಕ್ಕೆ ಅಳತೆ ಮೈಕ್ ಒಂದು, ರೂಂ ಇಕ್ಯು ವಿಝಾರ್ಡ್ ತಂತ್ರಾಂಶ, ಮತ್ತು ತಾಳ್ಮೆ ಬೇಕಾಯಿತು. ಸಬ್‌ವೂಫರ್‌ಗಳು ನನಗೆ ಹತ್ತಿರ, ಸ್ಪೀಕರ್‌ಗಳು ದೂರ. ಸುಮಾರು 90 ಸೆಂಟಿಮೀಟರ್ ವ್ಯತ್ಯಾಸ ಅಂದರೆ 2.6 ಮಿಲಿಸೆಕೆಂಡ್. ಸಬ್‌ವೂಫರ್‌ನ ಒಳಗಿನ ಫಿಲ್ಟರ್ ಕೂಡ ತನ್ನ ಪಾಲಿನ ತಡ ಸೇರಿಸುತ್ತದೆ. ಹಾಗಾಗಿ ಕಾಗದದ ಲೆಕ್ಕ ಸಾಲದು. ಒಂದು ಸ್ಪೀಕರ್, ಅದರ ಕಡೆಯ ಸಬ್‌ವೂಫರ್ ಎರಡನ್ನೂ ಒಟ್ಟಿಗೆ ನುಡಿಸಿ, 60 ಹರ್ಟ್ಜ್ ಸುತ್ತ ಗ್ರಾಫ್ ಎಲ್ಲಿ ತುಂಬಿಕೊಳ್ಳುತ್ತದೋ ಅಲ್ಲಿಗೆ ಸಬ್‌ವೂಫರ್‌ನ ಫೇಸ್ ಗುಂಡಿಯನ್ನು, ಅಂದರೆ ಅಲೆಯನ್ನು ಹಿಂದೆ ಮುಂದೆ ಸರಿಸುವ ಗುಂಡಿಯನ್ನು, ತಿರುಗಿಸಿ ಬಿಟ್ಟೆ. ಕ್ರಾಸ್‌ಓವರ್, ಅಂದರೆ ಯಾವ ಸ್ವರದಿಂದ ಕೆಳಗೆ ಸಬ್‌ವೂಫರ್ ನುಡಿಯಬೇಕು ಎಂಬ ಗಡಿ, ಮೊದಲು 80ರಲ್ಲಿತ್ತು, ಆಗ ಕೆಲವು ಗಂಡು ದನಿಗಳು ಪಕ್ಕದಿಂದ ಬಂದ ಹಾಗೆ ಅನ್ನಿಸುತ್ತಿತ್ತು. 60ಕ್ಕೆ ಇಳಿಸಿದ ಮೇಲೆ ಆ ತೊಂದರೆ ಹೋಯಿತು. ಸಬ್‌ವೂಫರ್ ಎಲ್ಲಿದೆ ಎಂದು ಕಿವಿಗೆ ಚಾಡಿ ಹೇಳುವುದು ಅದರ ಆಳದ ಸ್ವರವಲ್ಲ, ಅದರ ಮೇಲಿನ ಸ್ವರಗಳು ಮತ್ತು ಕಟಕಟ ಅನ್ನುವ ಸಾಮಾನುಗಳು. ಕಪಾಟಿನ ಗಾಜು, ಬಾಗಿಲ ಚಿಲಕ, ಫೋಟೋ ಫ್ರೇಮು, ಒಂದೊಂದನ್ನೂ ಹುಡುಕಿ ಫೆಲ್ಟ್ ಅಂಟಿಸಿದೆ. ನಿಧಾನವಾಗಿ ಏರುವ ಒಂದೇ ಸ್ವರವನ್ನು 20ರಿಂದ 100ರವರೆಗೆ ನುಡಿಸಿ ಕೋಣೆಯಲ್ಲಿ ಓಡಾಡಿದರೆ ಎಲ್ಲವೂ ಸಿಕ್ಕಿಬೀಳುತ್ತವೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಗೇನ್, ಅಂದರೆ ಸಬ್‌ವೂಫರ್ ಎಷ್ಟು ಜೋರಾಗಿ ಇಡಬೇಕು ಎಂಬುದು. ಬೇಸ್‌ನಲ್ಲಿ ಕಿವಿಯ ನಡತೆ ಬೇರೆ. 20 ಹರ್ಟ್ಜ್ ನಮಗೆ ಕೇಳಿಸಬೇಕಾದರೇ 78 ಡೆಸಿಬಲ್ ಹತ್ತಿರ ಬೇಕು. ಕೇಳಿಸಲು ಶುರುವಾದ ಮೇಲೆ ಮಾತ್ರ ಬೇಗ ಏರಿಬಿಡುತ್ತದೆ: ಅಲ್ಲಿ 5 ಡೆಸಿಬಲ್ ಏರಿಸಿದರೆ 1000 ಹರ್ಟ್ಜ್‌ನಲ್ಲಿ 10 ಏರಿಸಿದಷ್ಟು ವ್ಯತ್ಯಾಸ. ಅದಕ್ಕೇ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಹರವು ಇದ್ದದ್ದು ಗುಡುಗಾಗುತ್ತದೆ. ನಾನು ಮಾಡಿದ್ದು ಇಷ್ಟು. ಬೇಸ್ ವಾದ್ಯವೇ ಇಲ್ಲದ ಹಾಡು ಹಾಕಿ, ಸಬ್‌ವೂಫರ್ ಇದೆ ಎಂದು ಗೊತ್ತೇ ಆಗದಷ್ಟು ತಗ್ಗಿಸಿ, ಅಲ್ಲಿಂದ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದೆ. ಆಫ್ ಮಾಡಿದಾಗ ಕೋಣೆ ಕುಗ್ಗಿತು ಅನ್ನಿಸುವ ಮೊದಲ ಜಾಗದಲ್ಲಿ ನಿಲ್ಲಿಸಿದೆ. ಡ್ರಮ್ ಹಾಕಿಕೊಂಡು ಗೇನ್ ಹೊಂದಿಸಿದಾಗಲೆಲ್ಲ ಜಾಸ್ತಿಯೇ ಆಗುತ್ತಿತ್ತು.

ಮೋನೊ ಬೇಸ್‌ನ ಹಾಡುಗಳಿಗೆ ಏನು ಮಾಡುವುದು? ಎರಡು ಸಬ್‌ವೂಫರ್‌ಗಳ ನಡುವೆ 90 ಡಿಗ್ರಿ ಫೇಸ್ ವ್ಯತ್ಯಾಸ ಇಡುವುದು ಗ್ರೀಸಿಂಗರ್ ಹೇಳಿದ ಇನ್ನೊಂದು ದಾರಿ. ಬಲಗಡೆಯದ್ದರ ಗುಂಡಿ ತಿರುಗಿಸಿ ನೋಡಿದೆ. ನಡುವೆ ಬೇಸ್ 3 ಡೆಸಿಬಲ್‌ನಷ್ಟು ಇಳಿಯಿತು, ಲೆಕ್ಕದ ಪ್ರಕಾರ ಇಳಿಯಲೇಬೇಕು. ಬದಲಿಗೆ ಡಬಲ್ ಬೇಸ್‌ನ ಕೆಳ ತಂತಿ, 41 ಹರ್ಟ್ಜ್‌ನದ್ದು, ಸ್ಪೀಕರ್‌ಗಳ ನಡುವಿನಿಂದ ಹೊರಬಂದು ನನ್ನ ಎರಡೂ ಪಕ್ಕಕ್ಕೆ ಹರಡಿಕೊಂಡಿತು. ಕೇಳಲು ಹಿತ. ಆದರೆ ಕಿಕ್ ಡ್ರಮ್ಮಿನ ಹೊಡೆತ ಮೊಂಡಾಯಿತು. ಸಮೂಹಗಾನಕ್ಕೆ, ಆರ್ಗನ್‌ಗೆ ಇದು ನನಗೆ ಇಷ್ಟ. ತಾಳ ಮುಂದಿರುವ ಸಂಗೀತಕ್ಕೆ ವಾಪಸ್ ಹಳೆಯ ಜಾಗಕ್ಕೆ ತರುತ್ತೇನೆ.

ಮಿತಿಗಳೂ ಇವೆ. 48 ಹರ್ಟ್ಜ್‌ಗಿಂತ ತುಂಬಾ ಕೆಳಗೆ ಹೋದಂತೆ ಎಡಬಲದ ವ್ಯತ್ಯಾಸ ನನ್ನ ಕೋಣೆಯಲ್ಲಿ ಸೊರಗುತ್ತದೆ, ಏಕೆಂದರೆ ಕೋಣೆ ಅಷ್ಟು ಅಗಲವಿಲ್ಲ. 25 ಹರ್ಟ್ಜ್‌ನಲ್ಲಿ ಎರಡು ಸಬ್‌ವೂಫರ್ ಇದ್ದರೂ ಒಂದಿದ್ದ ಹಾಗೇ. ಆ ಆಳದ ಉಸಿರು ಬರುತ್ತದೆ, ಪಕ್ಕಗಳು ತೆರೆದುಕೊಳ್ಳುವುದಿಲ್ಲ. ಇನ್ನೊಂದು, ಈ ಹರವು ನಡುವಿನ ಕುರ್ಚಿಗೆ ಮಾತ್ರ. ಅಕ್ಕ ಕೂರುವುದು ಎಡಗೋಡೆಯ ಪಕ್ಕದ ಸೋಫಾದಲ್ಲಿ. ಅಲ್ಲಿ 48 ಹರ್ಟ್ಜ್ ಉಬ್ಬಿಕೊಂಡು ಅವಳಿಗೆ ಕಿರಿಕಿರಿ. ಅದಕ್ಕೆ ಒಂದು ಸಣ್ಣ ಸ್ವಿಚ್ ಪೆಟ್ಟಿಗೆ ಜೋಡಿಸಿದ್ದೇನೆ: ಒಂದು ಕಡೆ ಸ್ಟೀರಿಯೊ, ಇನ್ನೊಂದು ಕಡೆ ಮೋನೊ. ಇಬ್ಬರೂ ಕೂತು ಕೇಳುವ ಸಂಜೆ ಅದು ಮೋನೊದಲ್ಲಿ ಇರುತ್ತದೆ. ಅವಳು ಎದ್ದು ಹೋದ ಮೇಲೆ ನಾನು ಹಾಡುಗಾರ್ತಿಯನ್ನು ಮೊದಲಿನಿಂದ ಹಾಕಿ, ಸ್ವಿಚ್ಚನ್ನು ಈ ಕಡೆಗೆ ತಿರುಗಿಸುತ್ತೇನೆ.