ನಾಲ್ಕು ಸಾಲಿನ ಪ್ಯಾಚ್ ಕಲಿಸಿದ್ದು

ಆ ಪ್ಯಾಚ್‌ನಲ್ಲಿ, ಅಂದರೆ ಕೋಡ್‌ಗೆ ಬಂದ ತಿದ್ದುಪಡಿಯಲ್ಲಿ, ಇದ್ದದ್ದು ನಾಲ್ಕೇ ಸಾಲು. ನಾವು ನೋಡಿಕೊಳ್ಳುವ ಪೈಥಾನ್ ಲೈಬ್ರರಿಯಲ್ಲಿ ‘--ಔಟ್‌ಪುಟ್’ ಎಂಬ ಆಪ್ಷನ್ (ಕಮಾಂಡ್‌ನ ಜೊತೆ ಬರೆಯುವ ಸೂಚನೆ) ಮೊದಲಿನಿಂದಲೂ ಇತ್ತು. ಅದರ ಪಕ್ಕಕ್ಕೆ ‘--ಔಟ್‌ಪುಟ್-ಫಾರ್ಮ್ಯಾಟ್’ ಎಂಬ ಹೊಸದೊಂದು ಬಂದಿತ್ತು. ಹಳೆಯದನ್ನು ಯಾರೂ ಮುಟ್ಟಿರಲಿಲ್ಲ, ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ನಾನು ಒಪ್ಪಿಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಇನ್ನೊಂದು ತಂಡದ ರಾತ್ರಿ ವರದಿ ಬಂದಿರಲಿಲ್ಲ. ಅವರ ಸ್ಕ್ರಿಪ್ಟ್ ‘--ಔಟ್‌ಪುಟ್’ ಅನ್ನು ‘--ಔಟ್’ ಎಂದಷ್ಟೇ ಮೊಟಕಾಗಿ ಬರೆಯುತ್ತಿತ್ತು. ಅವರ ಲಾಗ್ ತೆರೆದರೆ ಕೊನೆಯಲ್ಲಿ ಒಂದೇ ದೂರು: ‘--ಔಟ್’ ಎಂದರೆ ‘--ಔಟ್‌ಪುಟ್’ ಇರಬಹುದು, ‘--ಔಟ್‌ಪುಟ್-ಫಾರ್ಮ್ಯಾಟ್’ ಕೂಡ ಇರಬಹುದು, ಯಾವುದೆಂದು ತಿಳಿಯುತ್ತಿಲ್ಲ. ಪ್ರೋಗ್ರಾಂ ದೋಷ ಸೂಚಿಸುವ 2 ಎಂಬ ಎಕ್ಸಿಟ್ ಕೋಡ್ ಕೊಟ್ಟು ನಿಂತುಹೋಗಿತ್ತು.

ಕಮಾಂಡ್‌ನ ಆಪ್ಷನ್‌ಗಳನ್ನು ಓದಿಕೊಡುವ ಪೈಥಾನ್‌ನ ಆರ್ಗ್‌ಪಾರ್ಸ್ ಮಾಡ್ಯೂಲ್ ಉದ್ದನೆಯ ಆಪ್ಷನ್‌ನ ಮೊದಲ ಕೆಲವು ಅಕ್ಷರಗಳನ್ನಷ್ಟೇ ಕೊಟ್ಟರೂ, ಅವು ಒಂದೇ ಹೆಸರಿಗೆ ಹೊಂದುವಂತಿದ್ದರೆ, ಒಪ್ಪಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ಅದೇ ಕೆಲಸ ಮಾಡುವ, ಗ್ನೂ ಸಿ ಲೈಬ್ರರಿಯ ಗೆಟ್‌ಆಪ್ಟ್-ಲಾಂಗ್ ಕೂಡ ಹಾಗೆಯೇ. ಅಂದರೆ ನಾವು ಬರೆದಿಟ್ಟ ಪ್ರತಿ ಹೆಸರಿನ ಹಿಂದೆ ನಾವು ಬರೆಯದ ಹಲವು ಮೊಟಕು ಹೆಸರುಗಳಿರುತ್ತವೆ. ಹೊಸ ಆಪ್ಷನ್ ಸೇರಿಸಿದಾಗ ಅವುಗಳಲ್ಲಿ ಕೆಲವು ಸದ್ದಿಲ್ಲದೆ ಸತ್ತುಹೋಗುತ್ತವೆ. ಡಿಫ್‌ನಲ್ಲಿ, ಅಂದರೆ ಹಳೆಯ-ಹೊಸ ಕೋಡ್‌ನ ವ್ಯತ್ಯಾಸದ ಪಟ್ಟಿಯಲ್ಲಿ, ಕಾಣುವುದು ಸೇರ್ಪಡೆ ಮಾತ್ರ, ಕಳೆದುಹೋದದ್ದು ಕಾಣುವುದಿಲ್ಲ.

ಪೈಥಾನ್ 3.5ರಿಂದ ‘ಅಲೋ_ಅಬ್ರೆವ್’ ಎಂಬ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿ ಈ ಸೌಲಭ್ಯವನ್ನು ನಿಲ್ಲಿಸಬಹುದು. ಹೊಸ ಪ್ರೋಗ್ರಾಂ ಆದರೆ ಮೊದಲ ದಿನವೇ ನಿಲ್ಲಿಸಿ ಎನ್ನುತ್ತೇನೆ. ಆದರೆ ಹತ್ತು ಕಡೆ ಬಳಕೆಯಲ್ಲಿರುವ ಲೈಬ್ರರಿಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಒಬ್ಬರ ಬದಲು ಎಲ್ಲರ ಸ್ಕ್ರಿಪ್ಟ್ ಮುರಿಯುತ್ತದೆ. ಅಲ್ಲದೆ ಪೈಥಾನ್ 3.8ಕ್ಕೆ ಮೊದಲು ಹಾಗೆ ನಿಲ್ಲಿಸಿದರೆ ಅದು ‘-ವಿವಿ’ಯಂತೆ ಒಟ್ಟಿಗೆ ಬರೆಯುವ ಚಿಕ್ಕ ಆಪ್ಷನ್‌ಗಳನ್ನೂ ತಡೆಯುತ್ತಿತ್ತು. ಹಾಗಾಗಿ ‘--ಔಟ್’ ಎಂಬುದನ್ನೇ ‘--ಔಟ್‌ಪುಟ್’ನ ಇನ್ನೊಂದು ಹೆಸರಾಗಿ ನೋಂದಾಯಿಸಿದೆವು. ಹೆಸರು ಪೂರ್ತಿ ಹೊಂದಿದರೆ ಆರ್ಗ್‌ಪಾರ್ಸ್ ಮೊಟಕು ಹುಡುಕಲು ಹೋಗುವುದಿಲ್ಲ.

ಅಂದಿನಿಂದ ಇಂಥ ಪ್ಯಾಚ್ ಬಂದರೆ ಡಿಫ್ ನೋಡುವುದಕ್ಕೆ ಮೊದಲು ಬಳಸುವವರ ಕಡೆಗೆ ಹೋಗುತ್ತೇನೆ. ಉಳಿದ ತಂಡಗಳ ರೆಪೊಸಿಟರಿ, ಕ್ರಾನ್ ಫೈಲ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ), ಕೈಪಿಡಿಗಳಲ್ಲಿ ನಮ್ಮ ಕಮಾಂಡ್ ಎಲ್ಲೆಲ್ಲಿದೆಯೋ ಹುಡುಕಿ, ಆ ಸಾಲುಗಳನ್ನು ಇದ್ದದ್ದು ಇದ್ದಂತೆ ಒಂದು ಫೈಲಿಗೆ ಸೇರಿಸಿದ್ದೇನೆ. ಆಪ್ಷನ್ ಓದುವ ಹಳೆಯ ಪಾರ್ಸರ್‌ಗೂ ಹೊಸದಕ್ಕೂ ಅವನ್ನೇ ಕೊಟ್ಟು, ಹೊರಬರುವ ಮೌಲ್ಯಗಳನ್ನು ಹೋಲಿಸುತ್ತೇನೆ. ನಾವೇ ಬರೆದ ಟೆಸ್ಟ್‌ಗಳಲ್ಲಿ ಎಲ್ಲ ಹೆಸರುಗಳೂ ಪೂರ್ತಿಯಾಗಿರುತ್ತವೆ. ನಿಜವಾದ ಜನ ಹಾಗೆ ಬರೆಯುವುದಿಲ್ಲ.

ಈ ಹೋಲಿಕೆಯಲ್ಲಿ ಹೆಸರಿಗಿಂತ ಹೆಚ್ಚು ಸಿಕ್ಕಿಬೀಳುವುದು ಮೌಲ್ಯಗಳೇ. ಒಮ್ಮೆ ‘--ಕ್ಯಾಶ್’ (ಒಮ್ಮೆ ಸಿಕ್ಕ ಫಲಿತಾಂಶವನ್ನು ಉಳಿಸಿಟ್ಟು ಮತ್ತೆ ಬಳಸುವುದು) ಆಪ್ಷನ್‌ಗೆ ಟೈಪ್ ಆಗಿ ‘ಬೂಲ್’ (ಟ್ರೂ ಅಥವಾ ಫಾಲ್ಸ್) ಕೊಟ್ಟಿದ್ದನ್ನು ಸಹೋದ್ಯೋಗಿಯೊಬ್ಬರು ಸರಿಪಡಿಸಿದ್ದರು. ಪೈಥಾನ್‌ನಲ್ಲಿ ‘ಫಾಲ್ಸ್’ ಎಂಬ ಪದವೂ ಖಾಲಿಯಲ್ಲದ ಸ್ಟ್ರಿಂಗ್ ತಾನೇ? ಬೂಲ್ ಅದನ್ನು ಟ್ರೂ ಎಂದೇ ಓದುತ್ತದೆ. ಹಾಗಾಗಿ ‘--ಕ್ಯಾಶ್ ಫಾಲ್ಸ್’ ಎಂದು ಬರೆದಿದ್ದವರಿಗೆ ಅಷ್ಟು ದಿನವೂ ಕ್ಯಾಶ್ ಚಾಲೂ ಇತ್ತು, ಅವರಿಗೆ ಗೊತ್ತಿರಲಿಲ್ಲ. ತಿದ್ದುಪಡಿ ಸರಿಯಾದದ್ದೇ. ಆದರೆ ಅದು ಬಿಡುಗಡೆಯಾದ ದಿನ ಅವರ ಕೆಲಸ ಏಕಾಏಕಿ ನಿಧಾನವಾಗುತ್ತಿತ್ತು, ಕಾರಣ ಹುಡುಕಲು ಒಂದು ಎರರ್ ಕೂಡ ಇರುತ್ತಿರಲಿಲ್ಲ. ಇಂಥ ಬದಲಾವಣೆಗೆ ಬಿಡುಗಡೆ ಟಿಪ್ಪಣಿಯಲ್ಲಿ ಮೊದಲ ಸಾಲೇ ಬೇಕು ಎಂದು ಹಟ ಹಿಡಿದೆ, ಬರೆಸಿಯೇ ಒಪ್ಪಿಗೆ ಕೊಟ್ಟೆ.

ಇನ್ನೊಂದು ಮಾತು. ಹಳೆಯ ಹೆಸರು ಬಳಸಬೇಡಿ ಎಂಬ ಎಚ್ಚರಿಕೆ ಸ್ಟ್ಯಾಂಡರ್ಡ್ ಎರರ್‌ಗೇ (ದೂರುಗಳಿಗೆಂದೇ ಇರುವ ಪ್ರತ್ಯೇಕ ದಾರಿ) ಹೋಗಬೇಕು. ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋದರೆ ನಮ್ಮ ಔಟ್‌ಪುಟ್ ಓದುತ್ತ ಪೈಪ್‌ನ ಆಚೆ ಕುಳಿತ ಪ್ರೋಗ್ರಾಂ ಅದನ್ನೂ ದತ್ತಾಂಶವೆಂದು ನುಂಗುತ್ತದೆ.

ಆ ‘--ಔಟ್’ ಇಂದಿಗೂ ನಮ್ಮ ಕೋಡ್‌ನಲ್ಲಿದೆ. ಯಾರ ಯಾವ ಸ್ಕ್ರಿಪ್ಟ್‌ಗಾಗಿ ಇಟ್ಟಿದ್ದೇವೆ ಎಂಬುದನ್ನು ಮೇಲಿನ ಕಾಮೆಂಟ್‌ನಲ್ಲೇ ಬರೆದಿದ್ದೇವೆ. ಕಳೆದ ವಾರ ಹುಡುಕಿದಾಗ ಅದನ್ನು ಬಳಸುವ ಕ್ರಾನ್ ಸಾಲುಗಳು ಇನ್ನೂ ಎರಡು ಉಳಿದಿದ್ದವು.