ಮಾತು ಪುಟದಿಂದ ಶುರುವಾಗಲಿ: ಓದುಗರ ಹರಟೆಯ ಬಗ್ಗೆ ನನ್ನ ಅನುಭವ

'ಬದುಕಿಗೆ ಅರ್ಥ ಇದೆಯಾ?' ಎಂದು ಯಾರಾದರೂ ಕೇಳಿದರೆ ಹರಟೆ ಬೇಗ ಮುಗಿಯುತ್ತದೆ. ಒಬ್ಬರು ಇದೆ ಅನ್ನುತ್ತಾರೆ. ಇನ್ನೊಬ್ಬರು ಇಲ್ಲ ಅನ್ನುತ್ತಾರೆ. ಮೂರನೆಯವರು ಅರ್ಥವನ್ನು ನಾವೇ ಹುಟ್ಟಿಸಿಕೊಳ್ಳಬೇಕು ಅನ್ನುತ್ತಾರೆ. ಬರುವಾಗ ಯಾರ ತಲೆಯಲ್ಲಿ ಏನಿತ್ತೋ ಹೋಗುವಾಗಲೂ ಅದೇ ಇರುತ್ತದೆ.

ಓದುವ ಹುಚ್ಚಿರುವ ಕೆಲವು ಗೆಳೆಯರ ಜೊತೆ ನಾನು ಹಲವು ವರ್ಷಗಳಿಂದ ಸಾಹಿತ್ಯ, ತತ್ವಶಾಸ್ತ್ರ ಎಂದು ಮಾತಾಡುತ್ತಾ ಬಂದಿದ್ದೇನೆ. ನಮ್ಮದು ಸಂಘ ಅಲ್ಲ, ತರಗತಿಯೂ ಅಲ್ಲ. ಅಧ್ಯಕ್ಷರಿಲ್ಲ, ಭಾಷಣವಿಲ್ಲ. ಏನೋ ಒಂದು ಓದಿರುತ್ತೇವೆ, ಸೇರುತ್ತೇವೆ, ಮಾತಾಡುತ್ತೇವೆ. ಇಷ್ಟು ದಿನದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ದೊಡ್ಡ ಪ್ರಶ್ನೆಗೆ ಹೋಗಬೇಕಾದರೆ ಪುಸ್ತಕದ ಒಂದು ಸಣ್ಣ ಜಾಗದಿಂದ ಹೊರಡಬೇಕು. ಒಂದು ಪಾತ್ರ, ಒಂದು ಗಳಿಗೆ, ಆಗ ಆ ಪಾತ್ರ ಮಾಡಿದ ಅಥವಾ ಮಾಡದೆ ಬಿಟ್ಟ ಒಂದು ಕೆಲಸ. ತತ್ವಶಾಸ್ತ್ರವನ್ನು ಬೇರೆಯಾಗಿ ಕರೆಯಬೇಕಾಗಿಲ್ಲ, ಅದು ಅಲ್ಲಿಗೇ ಬರುತ್ತದೆ.

ನಮ್ಮ ನಡುವೆ ನಡೆದ ಒಂದು ಮಾತುಕತೆಯನ್ನೇ ಹೇಳುತ್ತೇನೆ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದು 1965ರಲ್ಲಿ. ಅದರ ಬಗ್ಗೆ ಮಾತು ಶುರುವಾದರೆ 'ಸಂಪ್ರದಾಯ ಮತ್ತು ಆಧುನಿಕತೆ' ಎನ್ನುವ ಜಾಡಿಗೆ ಬೀಳುವುದು ಬಹಳ ಸುಲಭ. ಆ ಜಾಡಿನಲ್ಲಿ ಹೇಳುವುದನ್ನೆಲ್ಲ ನಾವು ಎಲ್ಲೋ ಕೇಳಿಯೇ ಇರುತ್ತೇವೆ. ಅದಕ್ಕೆ ನಾನು ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿಯಿಂದ ಶುರು ಮಾಡಿದೆ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದ ನಾರಣಪ್ಪ ಸತ್ತಿದ್ದಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು ಎಂದು ಅಗ್ರಹಾರ ಒದ್ದಾಡುತ್ತಿದೆ. ಅಲ್ಲಿನ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕಿದ್ದಾರೆ, ಮಾರುತಿಯ ಗುಡಿಯಲ್ಲಿ ಕಾದಿದ್ದಾರೆ, ಉತ್ತರ ಸಿಕ್ಕಿಲ್ಲ. ಈ ನಡುವೆ ಚಂದ್ರಿ ರಾತ್ರಿಯಲ್ಲಿ ಅಹಮದ್ ಬ್ಯಾರಿಯ ಸಹಾಯ ಪಡೆದು ಶವ ಸುಡಿಸಿ ಹೊರಟುಹೋಗುತ್ತಾಳೆ. ಇದು ಅಗ್ರಹಾರದವರಿಗೂ ಗೊತ್ತಿಲ್ಲ, ಆಚಾರ್ಯರಿಗೂ ಗೊತ್ತಿಲ್ಲ. ಆಗಿಹೋದ ಕೆಲಸವನ್ನು ಯಾರು ಮಾಡಬೇಕು ಎಂದು ಅವರು ಆಮೇಲೂ ಯೋಚಿಸುತ್ತಲೇ ಇರುತ್ತಾರೆ. 'ಹಾಗಾದರೆ ಆ ಪ್ರಶ್ನೆ ಇನ್ನೂ ಉಳಿದಿದೆಯಾ?' ಎಂದು ಕೇಳಿದೆ.

ಒಬ್ಬರು ತಕ್ಷಣ 'ಇಲ್ಲ' ಅಂದರು. ಶವ ಇಲ್ಲ ಅಂದ ಮೇಲೆ ಸಮಸ್ಯೆಯೂ ಇಲ್ಲ, ಸುದ್ದಿ ತಲುಪಿಲ್ಲ ಅಷ್ಟೇ ಎಂದರು. ಒಬ್ಬ ಗೆಳತಿ ಒಪ್ಪಲಿಲ್ಲ. 'ಅವರಿಗೆ ಶವ ನೆಪ. ತಾವು ಯಾರು ಅನ್ನೋದೇ ಅವರ ಪ್ರಶ್ನೆ. ಅದು ಸುಟ್ಟುಹೋಗಿಲ್ಲ' ಅಂದಳು. ಇನ್ನೊಬ್ಬರು ಬೇರೆಯೇ ಕಡೆಯಿಂದ ಬಂದರು. ಮಂತ್ರ ಇಲ್ಲದೆ ಸುಟ್ಟರೆ ಅದು ಸಂಸ್ಕಾರವಾ, ಸುಮ್ನೆ ಸುಡುವುದಾ? ಅದಕ್ಕೆ ಗೆಳತಿ ಕೇಳಿದಳು: ಸತ್ತವನಿಗೆ ಏನು ಆಗಬೇಕು ಅನ್ನುವ ಚಿಂತೆ ಆ ಊರಿನಲ್ಲಿ ನಿಜವಾಗಿ ಇದ್ದದ್ದು ಯಾರಿಗೆ? ಉಳಿದವರ ಚಿಂತೆಯೆಲ್ಲ ತಮಗೆ ಏನಾಗುತ್ತದೆ ಅನ್ನುವುದು ತಾನೇ?

ಅಲ್ಲಿಂದ ಮುಂದೆ ನಾನು ಏನೂ ಮಾಡಬೇಕಾಗಲಿಲ್ಲ. ಅಧಿಕಾರ ಇದ್ದವನು ಮಾಡಿದರೆ ಮಾತ್ರ ಅದು ಕರ್ತವ್ಯವಾ, ಯಾರು ಮಾಡಿದರೂ ಆಗುತ್ತದಾ? ಸರಿಯಾದದ್ದನ್ನು ತಿಳಿದು ಮಾಡುವುದು ಹೆಚ್ಚೋ, ಯೋಚಿಸದೆ ಸರಿಯಾದದ್ದನ್ನೇ ಮಾಡುವುದು ಹೆಚ್ಚೋ? ಗ್ರಂಥ ಬಲ್ಲವರಿಗೆ ಸಿಗದ ಉತ್ತರ ಗ್ರಂಥ ಓದದವಳಿಗೆ ಹೇಗೆ ಸಿಕ್ಕಿತು, ಅಥವಾ ಅವಳಿಗೆ ಅದು ಪ್ರಶ್ನೆಯೇ ಆಗಿರಲಿಲ್ಲವಾ? ಇವು ನೀತಿಶಾಸ್ತ್ರದ ಹಳೆಯ, ಕಷ್ಟದ ಪ್ರಶ್ನೆಗಳು. ಅಂದು ಯಾರೂ 'ನೀತಿಶಾಸ್ತ್ರ' ಅನ್ನುವ ಹೆಸರನ್ನೂ ಎತ್ತಲಿಲ್ಲ. ಎಲ್ಲರ ಕಣ್ಣ ಮುಂದೆ ಚಂದ್ರಿ ಇದ್ದಳು. ಅವಳ ಬಗ್ಗೆ ಅನ್ಯಾಯದ ಮಾತು ಬಂದರೆ ಯಾರಾದರೂ ಎದ್ದು ಪುಸ್ತಕ ತೆರೆಯುತ್ತಿದ್ದರು.

ಪುಸ್ತಕ ತೆರೆಯುವುದು ಬಹಳ ಮುಖ್ಯ. ನಮ್ಮಲ್ಲಿ ರೂಢಿಯಾಗಿರುವ ಮಾತು 'ಯಾವ ಪುಟ ಓದಿ ಹಾಗನ್ನಿಸಿತು?' ಅನ್ನುವುದು. ಇದನ್ನು ಕೇಳುವ ದನಿ ಮೆತ್ತಗಿರಬೇಕು. ವಕೀಲರು ಸಾಕ್ಷಿಯನ್ನು ಕೇಳಿದ ಹಾಗಾದರೆ ಎದುರಿನವರು ಬಾಯಿ ಮುಚ್ಚುತ್ತಾರೆ. ನನಗೂ ಆ ಪುಟ ನೋಡಬೇಕು ಅನ್ನುವ ಆಸೆ ಮಾತಿನಲ್ಲಿ ಕಾಣಿಸಬೇಕು. ಪುಟ ಸಿಕ್ಕ ಮೇಲೆ ಒಬ್ಬರು ಅದನ್ನು ಜೋರಾಗಿ ಓದುತ್ತಾರೆ. ಎಷ್ಟೋ ಸಲ ಅರ್ಧ ಜಗಳ ಅಲ್ಲೇ ಕರಗುತ್ತದೆ, ಯಾಕೆಂದರೆ ನೆನಪಿನಲ್ಲಿದ್ದ ವಾಕ್ಯವೇ ಬೇರೆ, ಅಚ್ಚಾಗಿರುವ ವಾಕ್ಯವೇ ಬೇರೆ. ಕೆಲವು ಸಲ ಜಗಳ ಜಾಸ್ತಿಯೂ ಆಗುತ್ತದೆ. ಅದು ಇನ್ನೂ ಒಳ್ಳೆಯದು.

ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸ್ ಬರಹದ ಮೇಲೆ ಒಂದು ದೂರು ಹೇಳುತ್ತಾನೆ. ಬರೆದಿಟ್ಟ ಮಾತನ್ನು ಏನು ಕೇಳಿದರೂ ಅದು ಚಿತ್ರದ ಹಾಗೆ ಸುಮ್ಮನಿರುತ್ತದೆ, ಹೇಳಿದ್ದನ್ನೇ ಹೇಳುತ್ತದೆ ಎನ್ನುವುದು ಅವನ ಮಾತಿನ ತಿರುಳು. ಒಬ್ಬಳೇ ಓದುವಾಗ ನನಗೆ ಇದು ನಿಜ ಅನ್ನಿಸುತ್ತದೆ. ಇನ್ನೊಬ್ಬ ಓದುಗ ಜೊತೆಗಿದ್ದರೆ ಹಾಗಲ್ಲ. ನಾನು ಪುಸ್ತಕವನ್ನು ಕೇಳಿದ್ದಕ್ಕೆ ಅವರು ಅದರ ಪರವಾಗಿ ಉತ್ತರ ಕೊಡುತ್ತಾರೆ. ಬೇಕಾದರೆ ತಿರುಗಿ ನನ್ನನ್ನೂ ಕೇಳುತ್ತಾರೆ.

ಈಗ ಜಗಳದ ಬಗ್ಗೆ. ನ್ಯಾಯಶಾಸ್ತ್ರದವರು, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರು, ಚರ್ಚೆಯನ್ನು ಮೂರು ಬಗೆ ಮಾಡಿದ್ದಾರೆ. ನಿಜ ತಿಳಿಯಬೇಕು ಎಂದು ಇಬ್ಬರೂ ಮಾತಾಡಿದರೆ ವಾದ. ಗೆಲ್ಲಬೇಕು ಎಂದು ಮಾತಾಡಿದರೆ ಜಲ್ಪ. ತನ್ನದೇನೂ ಇಡದೆ ಎದುರಿನವರದ್ದನ್ನು ಕೆಡವುತ್ತಾ ಹೋದರೆ ವಿತಂಡ. ಗೌತಮನ ನ್ಯಾಯಸೂತ್ರದಲ್ಲಿ ಇದು ಬರುತ್ತದೆ. ಓದುಗರ ಹರಟೆಗೆ ಇದಕ್ಕಿಂತ ಉಪಯೋಗದ ವಿಂಗಡಣೆ ನಾನು ಬೇರೆ ಕಂಡಿಲ್ಲ. ಮಾತು ಜಲ್ಪಕ್ಕೆ ತಿರುಗಿದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಪುಸ್ತಕ ನೋಡುವುದನ್ನು ಬಿಡುತ್ತಾರೆ. ಅವರು ಕೇಳಿಸಿಕೊಳ್ಳುತ್ತಿಲ್ಲ, ತಮ್ಮ ಸರದಿಗೆ ಕಾಯುತ್ತಿದ್ದಾರೆ. ಆಗ ನಾನು ಪೂರ್ವಪಕ್ಷದ ಪದ್ಧತಿ ತರುತ್ತೇನೆ. ಉತ್ತರ ಹೇಳುವ ಮೊದಲು ಎದುರಿನವರ ಅಭಿಪ್ರಾಯವನ್ನು ನೀವೇ ಹೇಳಿ, ಅವರು 'ಹೌದು, ನಾನಂದದ್ದು ಇದೇ' ಅನ್ನುವವರೆಗೆ ಹೇಳಿ ಅನ್ನುತ್ತೇನೆ. ನಮ್ಮ ಶಾಸ್ತ್ರಕಾರರು ಎದುರು ಪಕ್ಷವನ್ನು ಮೊದಲು ಚೆನ್ನಾಗಿ ಕಟ್ಟಿ ಆಮೇಲೆ ಉತ್ತರಿಸುತ್ತಿದ್ದರಲ್ಲ, ಅದನ್ನೇ ಮಾತಿನಲ್ಲಿ ಮಾಡುವುದು. ಮೊದಮೊದಲು ಇದು ಎಲ್ಲರಿಗೂ ಕಷ್ಟ. ಎದುರಿನವರು 'ಅಲ್ಲ, ಅದಲ್ಲ' ಅನ್ನುತ್ತಲೇ ಇರುತ್ತಾರೆ. ಆದರೆ ಸರಿಯಾಗಿ ಹೇಳಿ ಮುಗಿಸುವ ಹೊತ್ತಿಗೆ ಸಿಟ್ಟು ಇಳಿದಿರುತ್ತದೆ, ಮೊದಲಿಗಿಂತ ಒಳ್ಳೆಯ ಆಕ್ಷೇಪವೂ ಹುಟ್ಟಿರುತ್ತದೆ.

ವಿತಂಡದವರನ್ನು ಎದುರಿಸುವುದು ಸುಲಭ. 'ಸರಿ, ನಿಮಗೇನನ್ನಿಸುತ್ತೆ?' ಎಂದು ಕೇಳಿ ಕಾಯಬೇಕು. ಕಾಯುವಾಗ ನಾವು ನಡುವೆ ಬಾಯಿ ಹಾಕಬಾರದು.

ದೊಡ್ಡ ಹೆಸರುಗಳ ಬಗ್ಗೆಯೂ ಒಂದು ಮಾತು. ನೀಚೆ ಹೀಗಂದ, ಕಾಂಟ್ ಹಾಗಂದ ಎನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಹೆಸರು ಹೇಳಿದವರು ಆ ಯೋಚನೆಯನ್ನು ತಮ್ಮ ಮಾತಿನಲ್ಲಿ, ಓದದವರಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಬೇಕು. ಹೇಳಿದರೆ ಎಲ್ಲರಿಗೂ ಏನಾದರೂ ಸಿಗುತ್ತದೆ. ಬರೀ ಹೆಸರು ಬಿದ್ದರೆ ಅದನ್ನು ಓದಿಲ್ಲದವರು ಅಂದಿನ ಮಟ್ಟಿಗೆ ಹಿಂದೆ ಸರಿದು ಕೂತುಬಿಡುತ್ತಾರೆ. ನನಗೆ ಅದು ನಷ್ಟ, ಯಾಕೆಂದರೆ ಹೊಸ ಪ್ರಶ್ನೆ ಹೆಚ್ಚಾಗಿ ಬರುವುದು ಅವರಿಂದಲೇ.

ತತ್ವಶಾಸ್ತ್ರದ ಪುಸ್ತಕಗಳಲ್ಲಿ ಬರುವ ಕಟ್ಟಿದ ಉದಾಹರಣೆಗಳನ್ನೂ ನಾವು ತಂದು ನೋಡಿದ್ದೇವೆ. 1967ರಲ್ಲಿ ತತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ ಒಂದು ಲೇಖನದಲ್ಲಿ ಹಿಡಿತ ತಪ್ಪಿದ ಟ್ರಾಮಿನ ಸನ್ನಿವೇಶ ಇಟ್ಟರು. ಒಂದು ಹಳಿಯಲ್ಲಿ ಐದು ಜನ, ಇನ್ನೊಂದರಲ್ಲಿ ಒಬ್ಬ, ಚಾಲಕ ಯಾವ ಕಡೆ ತಿರುಗಿಸಬೇಕು? ಯೋಚನೆ ಹರಿತ ಮಾಡಲು ಅದು ಒಳ್ಳೆಯದು. ಹರಟೆಗೆ ಮಾತ್ರ ಅದು ಒಗ್ಗುವುದಿಲ್ಲ ಎನ್ನುವುದು ನನ್ನ ಅನುಭವ. ಹಳಿಯ ಮೇಲಿರುವವರಿಗೆ ಮುಖವಿಲ್ಲ, ಹಿಂದಿನ ಕಥೆ ಇಲ್ಲ. ಒಂದು ಸುತ್ತು ಉತ್ತರ ಹೇಳಿದ ಮೇಲೆ ಕೆದಕಲು ಏನೂ ಉಳಿಯುವುದಿಲ್ಲ.

ಅದಕ್ಕಿಂತ ದ್ರೌಪದಿಯ ಪ್ರಶ್ನೆ ಎಷ್ಟೋ ದೂರ ಕರೆದುಕೊಂಡು ಹೋಗುತ್ತದೆ. ಹೊಸಬರು ಬಂದಾಗ ನಾನು ಹೆಚ್ಚಾಗಿ ಅದನ್ನೇ ಇಡುತ್ತೇನೆ. ಕಥೆ ಎಲ್ಲರಿಗೂ ಗೊತ್ತು, 'ನಾನು ಓದಿಲ್ಲ' ಎಂದು ಯಾರೂ ಹಿಂಜರಿಯಬೇಕಾಗಿಲ್ಲ. ಸಭೆಗೆ ಕರೆಯಲು ಬಂದವನನ್ನು ಅವಳು ಒಂದು ಪ್ರಶ್ನೆ ಕೊಟ್ಟು ವಾಪಸ್ ಕಳಿಸುತ್ತಾಳೆ: ಯುಧಿಷ್ಠಿರ ಮೊದಲು ಸೋತದ್ದು ಯಾರನ್ನು, ತನ್ನನ್ನೋ ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣ ಇಡುವ ಹಕ್ಕು ಎಲ್ಲಿಂದ ಬರುತ್ತದೆ? ಭೀಷ್ಮ ಧರ್ಮ ಸೂಕ್ಷ್ಮ ಎಂದು ಹೇಳಿ ತೀರ್ಪು ಕೊಡದೆ ಬಿಡುತ್ತಾನೆ. ಅವಳನ್ನು ಗೆದ್ದಿಲ್ಲ ಎಂದು ಎದ್ದು ಹೇಳುವವನು ದುರ್ಯೋಧನನ ತಮ್ಮ ವಿಕರ್ಣ. ಇಲ್ಲಿ ಹಿಡಿಯಲು ಎಷ್ಟೊಂದು ಎಳೆಗಳಿವೆ ನೋಡಿ. ಮನುಷ್ಯರನ್ನು ಪಣ ಇಡಬಹುದು ಎನ್ನುವುದನ್ನೇ ಅವಳ ಪ್ರಶ್ನೆ ಒಪ್ಪಿಕೊಂಡಂತಾಯಿತಲ್ವಾ ಎಂದು ಒಬ್ಬ ಹುಡುಗ ಕೇಳಿದ್ದ. ಇಲ್ಲ, ಆ ಸಭೆಗೆ ತಿಳಿಯುವ ಭಾಷೆ ಕಾನೂನಿನದ್ದು ಮಾತ್ರ, ಅದಕ್ಕೆ ಅದನ್ನೇ ಆಯುಧ ಮಾಡಿಕೊಂಡಳು ಎಂದು ಇನ್ನೊಬ್ಬಳು ಹೇಳಿದಳು. ಇವತ್ತಿಗೂ ನಾನು ಇಬ್ಬರ ನಡುವೆ ಇದ್ದೇನೆ, ಸ್ವಲ್ಪ ಅವಳ ಕಡೆ ವಾಲಿಕೊಂಡು.

ಸಾವು, ದುಃಖ ಇಂಥ ವಿಷಯ ಬಂದಾಗ ಮಾತ್ರ ಬೇರೆ ಎಚ್ಚರ ಬೇಕು. ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ 'ಇವಾನ್ ಇಲಿಚ್‌ನ ಸಾವು' ಓದುತ್ತಿದ್ದಾಗ ಇದನ್ನು ಕಂಡೆ. ಸಾಯುತ್ತಿರುವ ಇವಾನ್‌ಗೆ ಶಾಲೆಯಲ್ಲಿ ಕಲಿತ ತರ್ಕ ನೆನಪಾಗುತ್ತದೆ. ಕೈಯಸ್ ಮನುಷ್ಯ, ಮನುಷ್ಯರು ಸಾಯುತ್ತಾರೆ, ಹಾಗಾಗಿ ಕೈಯಸ್ ಸಾಯುತ್ತಾನೆ. ಕೈಯಸ್‌ನ ಮಟ್ಟಿಗೆ ಇದೆಲ್ಲ ಸರಿ, ಆದರೆ ನಾನು ಕೈಯಸ್ ಅಲ್ಲವಲ್ಲ ಎಂದು ಅವನಿಗೆ ಅನ್ನಿಸುತ್ತದೆ. ತರ್ಕದಲ್ಲಿ ಒಂದು ಹುಳುಕೂ ಇಲ್ಲ, ಆದರೂ ಅದು ಅವನೊಳಗೆ ಇಳಿಯುತ್ತಿಲ್ಲ. ತಿಳಿದಿರುವುದಕ್ಕೂ ತಟ್ಟುವುದಕ್ಕೂ ಇರುವ ದೂರವನ್ನು ಇಷ್ಟು ಚೆನ್ನಾಗಿ ತೋರಿಸಿದ ಪುಟ ನನಗೆ ಇನ್ನೊಂದು ಗೊತ್ತಿಲ್ಲ. ಅಂದು ನಮ್ಮ ಜೊತೆ ಇದ್ದವರೊಬ್ಬರು ಸ್ವಲ್ಪ ದಿನದ ಹಿಂದೆ ತಂದೆಯನ್ನು ಕಳೆದುಕೊಂಡಿದ್ದರು. ವಿಷಯ ಬದಲಿಸೋಣವಾ ಎಂದು ನಾನು ಅವರನ್ನೇ ಕೇಳಿದೆ. ಅವರು ಬೇಡ ಅಂದರು. ಪಾತ್ರದ ಬಗ್ಗೆ ಮಾತಾಡುತ್ತಾ ಅವರು ತಮಗೆ ಬೇಕಾದಷ್ಟು ಹತ್ತಿರ ಬಂದರು, ಬೇಡವಾದಾಗ ಮತ್ತೆ ಇವಾನ್‌ನ ಬಗ್ಗೆ ಮಾತ್ರ ಮಾತಾಡಿದರು. ನಾವು ಯಾರೂ ಅವರನ್ನು ನೇರವಾಗಿ ಏನೂ ಕೇಳಲಿಲ್ಲ. ಕಥೆಯ ಮರೆ ಇದ್ದದ್ದರಿಂದ ಇದು ಸಾಧ್ಯವಾಯಿತು. 'ಸಾವು ಎಂದರೇನು?' ಎಂದು ಶುರು ಮಾಡಿದ್ದರೆ ಅವರು ಎದ್ದು ಹೋಗುತ್ತಿದ್ದರೋ ಏನೋ.

ತೀರ್ಮಾನಕ್ಕೆ ಬರಲೇಬೇಕು ಎಂದು ನಾವು ಹಟ ಹಿಡಿಯುವುದಿಲ್ಲ. ಪ್ಲೇಟೋನ 'ಲೇಕಿಸ್' ಸಂವಾದದಲ್ಲಿ ಇಬ್ಬರು ಸೇನಾನಿಗಳು ಸಾಕ್ರಟೀಸನ ಜೊತೆ ಧೈರ್ಯ ಎಂದರೇನು ಎಂದು ಚರ್ಚಿಸುತ್ತಾರೆ. ಯುದ್ಧ ಮಾಡಿ ಬಂದವರಿಗೇ ಕೊನೆಗೆ ಉತ್ತರ ಸಿಗುವುದಿಲ್ಲ. ಅಲ್ಲಿದ್ದ ಲೈಸಿಮೇಕಸ್ ಎಂಬ ಹಿರಿಯ ನಾಳೆ ಬೆಳಗ್ಗೆ ಮನೆಗೆ ಬಾ ಎಂದು ಸಾಕ್ರಟೀಸನನ್ನು ಕರೆಯುತ್ತಾನೆ, ಮಾತು ಅಲ್ಲಿಗೆ ನಿಲ್ಲುತ್ತದೆ.

ಆದರೆ ಪ್ರಶ್ನೆ ಎಲ್ಲಿಗೆ ಬಂದು ನಿಂತಿತು ಎನ್ನುವುದನ್ನು ನಾನು ಬರೆದಿಟ್ಟುಕೊಳ್ಳುತ್ತೇನೆ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ, ಪೆನ್ಸಿಲ್ಲಿನಲ್ಲಿ, ಒಂದೆರಡು ಸಾಲು. ಯಾರು ಏನಂದರು ಎನ್ನುವ ವರದಿ ಬೇಡ. ಯಾವ ಪುಟ, ಯಾವ ಪ್ರಶ್ನೆ, ಅಷ್ಟು ಸಾಕು. ಮತ್ತೆ ಸೇರುವ ಮೊದಲು ಆ ಪುಟಗಳನ್ನು ಮಾತ್ರ ಓದಿಕೊಂಡು ಬರುತ್ತೇವೆ. ಇಡೀ ಪುಸ್ತಕ ಮತ್ತೆ ಓದಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ, ನಾಲ್ಕು ಪುಟಕ್ಕೆ ಇದ್ದೇ ಇರುತ್ತದೆ.

ಟಾಲ್‌ಸ್ಟಾಯ್ ಪುಸ್ತಕದ ಹಿಂದೆ ಈಗ ಇರುವುದು ಗೆರಾಸಿಮ್ ಎಂಬ ಆಳಿನ ಬಗೆಗಿನ ಪ್ರಶ್ನೆ. ಸುತ್ತ ಇರುವವರೆಲ್ಲ ಇವಾನ್‌ಗೆ ನೀನು ಸಾಯುತ್ತಿಲ್ಲ ಎಂದು ನಟಿಸುತ್ತಿದ್ದಾರೆ. ಗೆರಾಸಿಮ್ ಒಬ್ಬ ನಟಿಸುವುದಿಲ್ಲ. ಇವಾನ್‌ನ ಕಾಲುಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ಕೂರುತ್ತಾನೆ, ಎಲ್ಲರೂ ಸಾಯುವವರೇ, ಇಷ್ಟು ಸೇವೆ ಮಾಡಿದರೆ ಏನಾಯಿತು ಅನ್ನುತ್ತಾನೆ. ಕೈಯಸ್‌ನ ತರ್ಕದಲ್ಲಿ ಇರುವುದೂ ಇದೇ ಮಾತು. ಅಲ್ಲಿ ಇವಾನ್‌ಗೆ ತಟ್ಟದ್ದು ಗೆರಾಸಿಮ್ ಹೇಳಿದರೆ ಯಾಕೆ ಸಮಾಧಾನ ಕೊಡುತ್ತದೆ? ಹೇಳಿದವನು ಕಾಲು ಹಿಡಿದುಕೊಂಡಿದ್ದಾನೆ ಅಂತಲಾ? ಗೆಳತಿ ಅಷ್ಟೇ ಕಾರಣ ಅನ್ನುತ್ತಾಳೆ. ನನಗೆ ಇನ್ನೂ ಏನೋ ಇದೆ ಅನ್ನಿಸುತ್ತಿದೆ. ಮುಂದಿನ ಸಲ ಅಲ್ಲಿಂದ ಶುರು ಮಾಡುತ್ತೇವೆ.