ದಾವಣಗೆರೆಯವರು ಮೊಬೈಲಲ್ಲೇ ಸರ್ಕಾರಕ್ಕೆ ದೂರು ಕೊಡೋದು ಹೇಗೆ

ಬೀದಿ ದೀಪ ಕೆಟ್ಟರೆ ನಾವೆಲ್ಲ ಏನು ಮಾಡುತ್ತೇವೆ? ಏರಿಯಾದ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ, ನಾಲ್ಕು ಜನ ಸೇರಿ ಬೈದು, ಸುಮ್ಮನಾಗುತ್ತೇವೆ. ಅದೇ ಫೋಟೋ ಸರಿಯಾದ ಕಡೆ ಹೋದರೆ ಒಂದು ದೂರಿನ ನಂಬರ್ ಸಿಗುತ್ತದೆ. ಆ ನಂಬರ್ ಇದ್ದರೆ ಮಾತ್ರ ಆಮೇಲೆ ಯಾರನ್ನಾದರೂ ಹಿಡಿದು ಕೇಳಬಹುದು.

ಮೊದಲು ಇದು ಯಾರ ಕೆಲಸ ಅಂತ ನೋಡಿಕೊಳ್ಳಿ, ದೂರುಗಳು ದಾರಿ ತಪ್ಪೋದು ಜಾಸ್ತಿ ಇಲ್ಲೇ. ಬೀದಿ ದೀಪ, ಕಸ, ಚರಂಡಿ ಪಾಲಿಕೆಯದು. ಆದರೆ ಅದೇ ಕಂಬದಲ್ಲಿ ತಂತಿ ಜೋತು ಬಿದ್ದಿದ್ದರೆ ಅಥವಾ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದ್ದರೆ ಅದು ಬೆಸ್ಕಾಂ ಕೆಲಸ, 1912ಕ್ಕೆ ಫೋನ್ ಮಾಡಿ. ಚಿತ್ರದುರ್ಗದ ಕಡೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತೊಂದರೆಯಾದರೆ 1033. ಅಂಚೆ, ರೈಲ್ವೆ, ಪಿಎಫ್ ತರದ ಕೇಂದ್ರದ ವಿಷಯಕ್ಕೆ ಸಿಪಿಗ್ರಾಮ್ಸ್ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ದೂರು ಪೋರ್ಟಲ್ ಇದೆ. ಯಾರದ್ದು ಅಂತಲೇ ಗೊತ್ತಾಗಲಿಲ್ಲವಾ? 1902ಕ್ಕೆ ಫೋನ್ ಮಾಡಿ, ಇದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ, ಕನ್ನಡದಲ್ಲೇ ಹೇಳಿದರೆ ಬರೆದುಕೊಂಡು ಸಂಬಂಧಪಟ್ಟ ಇಲಾಖೆಗೆ ಕಳಿಸುತ್ತಾರೆ.

ಇನ್ನು ದೂರು ಬರೆಯೋದು. "ನಮ್ಮ ಏರಿಯಾದಲ್ಲಿ ಲೈಟೇ ಇಲ್ಲ, ಕೇಳೋರೇ ಇಲ್ಲ" ಅಂತ ಬರೆದರೆ ಓದಿದವರು ಯಾವ ಕಂಬ ಅಂತ ಹುಡುಕಬೇಕು? ಹೀಗೆ ಬರೆಯಿರಿ: "ನಿಟುವಳ್ಳಿ, ಇಂಥ ಕ್ರಾಸ್, ಶಾಲೆಯ ಕಾಂಪೌಂಡ್ ಎದುರಿನ ಕಂಬ, ಇಂಥ ತಾರೀಖಿನಿಂದ ದೀಪ ಉರಿಯುತ್ತಿಲ್ಲ, ಹೊಸ ಬಲ್ಬ್ ಹಾಕಿಸಿ." ಕಂಬದ ಮೇಲೆ ಪೇಂಟಿನಲ್ಲಿ ನಂಬರ್ ಬರೆದಿದ್ದರೆ ಅದನ್ನೂ ಸೇರಿಸಿ. ಫೋಟೋ ಎರಡಿರಲಿ, ಒಂದು ಹತ್ತಿರದ್ದು, ಇನ್ನೊಂದು ಅಕ್ಕಪಕ್ಕದ ಅಂಗಡಿ ಬೋರ್ಡ್ ಕಾಣುವಂಥದ್ದು. ದೀಪ, ಚರಂಡಿ, ಬೀದಿನಾಯಿ ಎಲ್ಲ ಒಂದೇ ದೂರಿನಲ್ಲಿ ತುಂಬಬೇಡಿ, ಒಂದು ಮುಗಿದರೆ ಉಳಿದದ್ದನ್ನೂ ಮುಗಿದ ಲೆಕ್ಕಕ್ಕೆ ಹಾಕಿಬಿಡುವ ಸಾಧ್ಯತೆ ಇರುತ್ತದೆ. ಬೈಗುಳವಂತೂ ಬೇಡ, ಓದೋನು ಯಾರೋ ಪಾಪದ ಆಪರೇಟರ್.

ಕೆಲಸ ಆಗದೆಯೇ "ಇತ್ಯರ್ಥವಾಗಿದೆ" ಅಂತ ಮೆಸೇಜ್ ಬಂದರೆ ಅವತ್ತೇ ಹೊಸ ಫೋಟೋ ತೆಗೆದು, ಹಳೆ ನಂಬರ್ ಹೇಳಿ ಮತ್ತೆ ದೂರು ಕೊಡಿ. ಹೀಗೆ ಮುಚ್ಚಿಬಿಡೋದು ಈ ವ್ಯವಸ್ಥೆಯ ದೊಡ್ಡ ಕಿರಿಕಿರಿ.

ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳ ಕಥೆ ಬೇರೆ. ಅಲ್ಲಿ ಗಡುವಿನೊಳಗೆ ಸೇವೆ ಕೊಡಲೇಬೇಕು ಅನ್ನುವ 2011ರ ಸಕಾಲ ಕಾಯ್ದೆ ನಿಮ್ಮ ಪರವಾಗಿದೆ. ಅರ್ಜಿ ಹಾಕಿದಾಗ ಸಿಗುವ ಸ್ವೀಕೃತಿಯಲ್ಲಿ ಜಿಎಸ್‌ಸಿ ನಂಬರ್, ಅಂದರೆ ನಿಮ್ಮ ಅರ್ಜಿಯ ಸಕಾಲ ನಂಬರ್ ಇರುತ್ತದೆ, ಅದನ್ನು ಜೋಪಾನ ಮಾಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು. ದುಡ್ಡು ದೊಡ್ಡದಲ್ಲ, ಅಲ್ವಾ? ಆದರೆ ತಡ ಮಾಡಿದ್ದು ದಾಖಲೆಗೆ ಸೇರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜ-ಅಜ್ಜಿಯರನ್ನು ಊರಿನ ಗ್ರಾಮ ಒನ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಇಷ್ಟಾದರೂ ಏನೂ ಕದಲದಿದ್ದರೆ ಆನ್‌ಲೈನ್‌ನಲ್ಲೇ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ದಾಟುವಂತಿಲ್ಲ, ವಿಷಯ ಒಂದೇ ಇರಬೇಕು. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಜಾರಿಕೊಳ್ಳುತ್ತಾರೆ. ದೂರಿನ ನಂಬರ್ ಹಾಕಿ, ಅದರ ಮೇಲೆ ಯಾವ ದಿನ ಏನು ಕ್ರಮ ಆಯಿತು, ಕಡತ ಈಗ ಯಾರ ಹತ್ತಿರ ಇದೆ ಎನ್ನುವ ದಾಖಲೆಗಳ ನಕಲು ಕೊಡಿ ಅಂತ ಕೇಳಿ.